ಆರ್‌ಸಿಯಲ್ಲಿ ಉಳಿದುಹೋಗುವ ಹೆಸರು

ಭಾರತದಲ್ಲಿ ಕಾರಿನ ಮಾಲೀಕತ್ವಕ್ಕೆಂದೇ ಪ್ರತ್ಯೇಕವಾದ ಹಕ್ಕುಪತ್ರವಿಲ್ಲ. ಪ್ರಾದೇಶಿಕ ಸಾರಿಗೆ ಕಚೇರಿ, ಅಂದರೆ ಆರ್‌ಟಿಓ ನೀಡುವ ನೋಂದಣಿ ಪ್ರಮಾಣಪತ್ರವೇ ವ್ಯವಹಾರದಲ್ಲಿ ಆ ಸ್ಥಾನವನ್ನು ತುಂಬುತ್ತದೆ. ಅದು ಈಗ ಬಹುಮಟ್ಟಿಗೆ ಅಂಗೈಯಗಲದ ಸ್ಮಾರ್ಟ್ ಕಾರ್ಡ್ ಆಗಿದ್ದರೂ ಜನರ ಬಾಯಲ್ಲಿ ಇನ್ನೂ ಆರ್‌ಸಿ ಬುಕ್ಕಾಗಿಯೇ ಉಳಿದಿದೆ. ಕಾನೂನಿನ ಲೆಕ್ಕದಲ್ಲಿ ಕಾರು ಚರಸ್ವತ್ತು. ಆದ್ದರಿಂದ ಅದರ ಒಡೆತನ 1930ರ ಸರಕು ಮಾರಾಟ ಕಾಯ್ದೆಗೆ ಅನುಸಾರವಾಗಿ ಕೊಡುವವರ ಮತ್ತು ಕೊಳ್ಳುವವರ ನಡುವಿನ ಒಪ್ಪಂದದಿಂದಲೇ ಕೈ ಬದಲಾಗುತ್ತದೆ. ನೋಂದಣಿ ಬದಲಾಗದಿದ್ದರೆ ಮಾರಾಟವೇ ಆಗಿಲ್ಲ ಎಂದು ಹೇಳುವಂತಿಲ್ಲ. ಜಮೀನು, ನಿವೇಶನಗಳ ವ್ಯವಹಾರ ಬಲ್ಲವರು ಕ್ರಯಪತ್ರಕ್ಕೂ ಖಾತೆಗೂ ಇರುವ ವ್ಯತ್ಯಾಸವನ್ನು ನೆನೆದರೆ ಆರ್‌ಸಿ ಖಾತೆಯ ಸಾಲಿಗೆ ಸೇರುವಂಥದ್ದೆಂಬುದು ತಿಳಿಯುತ್ತದೆ.

ಹಾಗೆಂದು ಅದನ್ನು ಹಗುರವಾಗಿ ಕಾಣುವುದು ಬಹಳ ಅಪಾಯಕಾರಿ. 1988ರ ಮೋಟಾರು ವಾಹನಗಳ ಕಾಯ್ದೆಯ 2ನೇ ಕಲಮು ಮಾಲೀಕರೆಂದರೆ ಯಾರು ಎಂಬುದನ್ನು ವಿವರಿಸುವಾಗ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು ಎಂದು ಹೇಳುತ್ತದೆ. ಹೀಗಾಗಿ ಸಂಚಾರ ದಂಡದ ನೋಟಿಸಿನಿಂದ ಹಿಡಿದು ಅಪಘಾತ ಪರಿಹಾರದ ಮೊಕದ್ದಮೆಯವರೆಗೆ ಸರ್ಕಾರವೂ ನ್ಯಾಯಾಲಯವೂ ಹುಡುಕುವುದು ಆರ್‌ಸಿಯಲ್ಲಿರುವ ಹೆಸರನ್ನು. ಕಾರಿನ ಕೀಲಿ ಯಾರ ಜೇಬಿನಲ್ಲಿದೆ ಎಂಬುದು ಆಮೇಲಿನ ಮಾತು.

ಇದರ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನೀಡಿದ ಒಂದು ತೀರ್ಪು ಸಾಕ್ಷಿಯಾಗಿದೆ. ಆ ಪ್ರಕರಣದ ಕಾರು 2009ರಲ್ಲಿ ಅಪಘಾತಕ್ಕೆ ಕಾರಣವಾಗುವ ಹೊತ್ತಿಗೆ ಒಬ್ಬರಿಂದ ಒಬ್ಬರಿಗೆ ಹಲವು ಬಾರಿ ಮಾರಾಟವಾಗಿತ್ತು. ಆದರೆ ಕೊಂಡವರಲ್ಲಿ ಯಾರೊಬ್ಬರ ಹೆಸರೂ ಆರ್‌ಸಿಗೆ ಏರಿರಲಿಲ್ಲ. ನ್ಯಾಯಮಂಡಳಿ ದಾಖಲೆಯಲ್ಲಿದ್ದ ಮೊದಲ ಮಾಲೀಕರನ್ನು ಹೊಣೆಗಾರರನ್ನಾಗಿಸಿತು, ಹೈಕೋರ್ಟ್ ಆ ಹೊಣೆಯನ್ನು ನಂತರ ಕೊಂಡವರಿಗೆ ದಾಟಿಸಿತು, ಸುಪ್ರೀಂ ಕೋರ್ಟ್ ಅದನ್ನು ಮತ್ತೆ ನೋಂದಾಯಿತ ಮಾಲೀಕರ ಮೇಲೆಯೇ ಹೊರಿಸಿತು. ಅಪಘಾತದಲ್ಲಿ ನೊಂದವರು ಅಥವಾ ಮೃತರ ಮನೆಯವರು ವಾಹನ ಯಾರಿಂದ ಯಾರಿಗೆ ಹೋಯಿತೆಂದು ಮಾರಾಟಗಳ ಜಾಡು ಹಿಡಿದು ಅಲೆಯುವಂತಾಗಬಾರದು ಎಂಬುದು ನ್ಯಾಯಾಲಯದ ತರ್ಕ. ಮಾರಿದವರಿಗೆ ಇದು ಕಠಿಣವೆನಿಸಿದರೂ ನೊಂದವರ ಕಡೆಯಿಂದ ನೋಡಿದಾಗ ಇದೇ ನ್ಯಾಯವಾದ ದಾರಿ.

ಹೆಸರು ವರ್ಗಾವಣೆ ಕೊಂಡವರ ಕೆಲಸ, ಹಣ ಎಣಿಸಿಕೊಂಡು ಕೀಲಿ ಕೊಟ್ಟ ಮೇಲೆ ಮಾರಿದವರ ಪಾಲಿಗೆ ಎಲ್ಲವೂ ಮುಗಿಯಿತು ಎಂಬ ನಂಬಿಕೆ ಜನರಲ್ಲಿ ಆಳವಾಗಿ ಬೇರೂರಿದೆ. ಕಾಯ್ದೆ ಹೇಳುವುದು ಬೇರೆ. 50ನೇ ಕಲಮಿನ ಪ್ರಕಾರ ವ್ಯವಹಾರ ಒಂದೇ ರಾಜ್ಯದೊಳಗೆ ನಡೆದಿದ್ದರೆ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು; ಕೊಂಡವರು ತಮ್ಮ ವಾಸಸ್ಥಳದ ಪ್ರಾಧಿಕಾರಕ್ಕೆ 30 ದಿನಗಳೊಳಗೆ ತಿಳಿಸಬೇಕು. ಮೊದಲನೆಯದಕ್ಕೆ ಫಾರಂ 29, ಎರಡನೆಯದಕ್ಕೆ ಫಾರಂ 30 ಇವೆ. ಸೆಕೆಂಡ್ ಹ್ಯಾಂಡ್ ಕಾರುಗಳ ಪೇಟೆಯಲ್ಲಿ ನಡೆದು ಬಂದ ರೂಢಿಯಾದರೋ, ಕೊಂಡವರ ಹೆಸರು, ವಿಳಾಸ, ದಿನಾಂಕಗಳ ಜಾಗವನ್ನೆಲ್ಲ ಖಾಲಿ ಬಿಟ್ಟ ಫಾರಂಗಳಿಗೆ ಮಾರುವವರಿಂದ ಸಹಿ ಹಾಕಿಸಿಕೊಂಡು, ಮುಂದೆ ಗಿರಾಕಿ ಸಿಕ್ಕಾಗ ತುಂಬಿಕೊಳ್ಳುವುದು. ಮಧ್ಯವರ್ತಿಗೆ ಇದರಿಂದ ಒಂದು ವರ್ಗಾವಣೆಯ ಖರ್ಚು ಉಳಿಯುತ್ತದೆ. ಮಾರಿದವರು ಮಾತ್ರ ತಮ್ಮ ಹೆಸರನ್ನು ಅಪರಿಚಿತರ ಕೈಗೆ, ಎಷ್ಟು ಕಾಲವೆಂದು ಗೊತ್ತಿಲ್ಲದೆ, ಒಪ್ಪಿಸಿರುತ್ತಾರೆ. ಈ ರೂಢಿಯನ್ನು ಬಿಡಿಸುವುದಕ್ಕಾಗಿಯೇ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿದ್ದು, ಅವುಗಳ ಪ್ರಕಾರ ಅಧಿಕೃತ ಪ್ರಮಾಣಪತ್ರ ಪಡೆದ ಹಳೆ ವಾಹನಗಳ ವ್ಯಾಪಾರಿಗೆ ಕಾರನ್ನು ಒಪ್ಪಿಸಿದ ಸಂಗತಿಯನ್ನು ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಿಸಿದರೆ, ಅದು ಮರುಮಾರಾಟವಾಗುವವರೆಗೆ ಆ ವ್ಯಾಪಾರಿಯನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಕಾರನ್ನು ವ್ಯಾಪಾರಿಗೆ ಬಿಡುವವರು ಬೆಲೆ ಮಾತಾಡುವ ಮೊದಲು ಕೇಳಬೇಕಾದ ಪ್ರಶ್ನೆ ಈ ಪ್ರಮಾಣಪತ್ರ ಇದೆಯೇ ಎಂಬುದು.

ವರ್ಗಾವಣೆಯ ಅರ್ಜಿಯನ್ನು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ತುಂಬಿ ಶುಲ್ಕ ಕಟ್ಟಬಹುದು. ವರ್ಗಾವಣೆಗೆ ನೋಂದಣಿ ಶುಲ್ಕದ ಅರ್ಧದಷ್ಟು ನಿಗದಿಯಾಗಿದೆ. ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣೆಯ ಪ್ರಮಾಣಪತ್ರ, ಗುರುತು ಮತ್ತು ವಿಳಾಸದ ದಾಖಲೆಗಳ ಜೊತೆಗೆ ಚಾಸಿಸ್ ಸಂಖ್ಯೆಯ ಅಚ್ಚನ್ನೂ ಕೇಳುವುದುಂಟು. ಕಾರಿನ ಚೌಕಟ್ಟಿನ ಲೋಹದ ಮೇಲೆ ಕೊರೆದಿರುವ 17 ಅಕ್ಷರ ಮತ್ತು ಅಂಕಿಗಳ ಮೇಲೆ ತೆಳು ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಕಾಗದದ ಮೇಲೆ ಮೂಡುವ ಗುರುತು ಇದು. ಎದುರಿಗಿರುವ ಕಾರೂ ದಾಖಲೆಯಲ್ಲಿರುವ ಕಾರೂ ಒಂದೇ ಎಂಬುದನ್ನು ತೋರಿಸಲು ಇಷ್ಟು ಸರಳವೂ ನಂಬಲರ್ಹವೂ ಆದ ಉಪಾಯ ಇನ್ನೊಂದಿಲ್ಲ. ಕೊಳ್ಳುವವರು ಹಣ ಕೊಡುವ ಮೊದಲೇ ಬಾನೆಟ್ ಎತ್ತಿಸಿ ಈ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಅನೇಕ ವರ್ಗಾವಣೆಗಳು ನಿಂತುಹೋಗುವುದು ಸಾಲದ ನಮೂದಿನಿಂದ. ಬ್ಯಾಂಕ್ ಸಾಲದಲ್ಲಿ ಕೊಂಡ ಕಾರಿನ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಕಾರು ಸಾಲಗಾರರ ಬಳಿಯೇ ಇದ್ದು ಸಾಲಕ್ಕೆ ಆಧಾರವಾಗಿ ನಿಲ್ಲುವ ಈ ವ್ಯವಸ್ಥೆಗೆ ಹೈಪಾಥಿಕೇಶನ್ ಎನ್ನುತ್ತಾರೆ, ಬಳಕೆಯ ಮಾತಿನಲ್ಲಿ ಎಚ್‌.ಪಿ. ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕತ್ವದ ನಮೂದನ್ನು ಬದಲಿಸಬಾರದೆಂದು 51ನೇ ಕಲಮು ವಿಧಿಸುತ್ತದೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಈ ನಮೂದು ತಾನಾಗಿ ಅಳಿಸಿಹೋಗುತ್ತದೆಂದು ಭಾವಿಸಿ ವರ್ಷಗಟ್ಟಲೆ ಸುಮ್ಮನಿದ್ದು, ಮಾರುವ ಗಳಿಗೆಯಲ್ಲಿ ಬ್ಯಾಂಕಿಗೆ ಓಡುವವರು ಕಡಿಮೆಯಿಲ್ಲ. ಸಾಲ ತೀರಿದ ಕೂಡಲೇ ಬ್ಯಾಂಕಿನಿಂದ ಸಾಲ ತೀರುವಳಿ ಪತ್ರವನ್ನೂ ಸಹಿ ಮೊಹರುಗಳಿರುವ ಫಾರಂ 35ನ್ನೂ ಪಡೆದು ಆರ್‌ಟಿಓಗೆ ಸಲ್ಲಿಸಬೇಕು.

ವಿಮೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಕಾರು ಮಾರಾಟವಾದಾಗ ವಿಮೆಯೂ ಅದರೊಂದಿಗೆ ವರ್ಗಾವಣೆಯಾದಂತೆಯೇ ಎಂದು 157ನೇ ಕಲಮು ಹೇಳುವುದು ನಿಜವಾದರೂ, ಈ ರಕ್ಷಣೆ ಮೂರನೆಯವರಿಗೆ, ಎಂದರೆ ಆ ಕಾರಿನಿಂದ ಹಾನಿಗೊಳಗಾದವರಿಗೆ ಸಲ್ಲಬೇಕಾದ ಪರಿಹಾರಕ್ಕೆ ಮಾತ್ರ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಸ್ಪಷ್ಟಪಡಿಸಿದೆ. ಕಾರಿಗೇ ಆದ ಹಾನಿಯ ಪರಿಹಾರ ಬೇಕಾದರೆ ಕೊಂಡವರು ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳಬೇಕು; ಅದಕ್ಕಿರುವ ಗಡುವೂ 14 ದಿನ.

ಬೇರೆ ರಾಜ್ಯದ ಕಾರಾಗಿದ್ದರೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಓಸಿ ತರಬೇಕು. ಅರ್ಜಿ ಕೊಟ್ಟ 30 ದಿನಗಳೊಳಗೆ ನಿರಾಕರಣೆಯನ್ನು ತಿಳಿಸದಿದ್ದರೆ ಅದನ್ನು ಕೊಟ್ಟಂತೆಯೇ ಭಾವಿಸಬೇಕೆಂಬ ಜನಪರವಾದ ಮಾತು 48ನೇ ಕಲಮಿನಲ್ಲಿದೆ. ಕರ್ನಾಟಕದಲ್ಲಿ ಕಾರಿಗೆ ಆಜೀವ ತೆರಿಗೆ ಇರುವುದರಿಂದ ಹೊರರಾಜ್ಯದ ಕಾರನ್ನು ಇಲ್ಲಿಗೆ ತರುವವರು ಬೆಲೆಯ ಲೆಕ್ಕದಲ್ಲಿ ಈ ತೆರಿಗೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಆರ್‌ಸಿಯೇ ಕಳೆದುಹೋದರೆ ಗಾಬರಿಪಡಬೇಕಾಗಿಲ್ಲ, ಏಕೆಂದರೆ ನಿಜವಾದ ದಾಖಲೆ ಇರುವುದು ಸಾರಿಗೆ ಇಲಾಖೆಯ ವಾಹನ್ ದತ್ತಾಂಶದಲ್ಲಿ. ಕೈಯಲ್ಲಿರುವ ಕಾರ್ಡು ಅದರ ಪ್ರತಿ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 53ನೇ ನಿಯಮದಂತೆ, ಕಳೆದುಹೋದ ಸ್ಥಳ ಯಾವ ಪೊಲೀಸ್ ಠಾಣೆಯ ವ್ಯಾಪ್ತಿಗೆ ಸೇರುತ್ತದೆಯೋ ಅಲ್ಲಿ ದೂರು ಕೊಟ್ಟು, ನೋಂದಣಿ ಪ್ರಾಧಿಕಾರಕ್ಕೂ ಲಿಖಿತವಾಗಿ ತಿಳಿಸಿ, ಫಾರಂ 26ರಲ್ಲಿ ನಕಲು ಪ್ರತಿಗಾಗಿ ಅರ್ಜಿ ಸಲ್ಲಿಸಬೇಕು. ಹರಿದ ಅಥವಾ ಮಾಸಿಹೋದ ಆರ್‌ಸಿಗೂ ಇದೇ ಫಾರಂ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಇಲ್ಲಿಯೂ ಬೇಕು. ನಕಲು ಪ್ರತಿ ಕೈಸೇರುವವರೆಗೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಆರ್‌ಸಿಯನ್ನು ತಪಾಸಣೆಯ ವೇಳೆ ತೋರಿಸಬಹುದು. ಕಾನೂನು ಅದನ್ನು ಒಪ್ಪುತ್ತದೆ.

ಮಾಲೀಕರು ತೀರಿಕೊಂಡಾಗ ಕಾರಿನ ಕಾಗದಪತ್ರ ಮನೆಯವರ ಗಮನಕ್ಕೆ ಬರುವುದು ಬಹಳ ತಡವಾಗಿ. ಮರಣದ ಸಂಗತಿಯನ್ನೂ ವಾಹನವನ್ನು ಬಳಸುವ ಉದ್ದೇಶವನ್ನೂ 30 ದಿನಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಿದರೆ ವಾರಸುದಾರರು ಮೂರು ತಿಂಗಳವರೆಗೆ ಅದನ್ನು ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಾರಸುದಾರರು ಹಲವರಿದ್ದಲ್ಲಿ ಎಲ್ಲರ ಒಪ್ಪಿಗೆಯನ್ನು ಕೂಡಿಸುವುದೇ ದೊಡ್ಡ ಕೆಲಸವಾಗಿ ಅಂಗಳದಲ್ಲಿ ನಿಂತ ಕಾರು ಕದಲದೆ ತುಕ್ಕು ಹಿಡಿಯುವುದುಂಟು. 2021ರಲ್ಲಿ ಆದ ತಿದ್ದುಪಡಿಯಿಂದ ಬ್ಯಾಂಕ್ ಖಾತೆಯಂತೆ ಆರ್‌ಸಿಗೂ ನಾಮನಿರ್ದೇಶಿತರನ್ನು ಸೂಚಿಸುವ ಅವಕಾಶ ದೊರೆತಿದೆ. ಹೊಸ ಕಾರು ನೋಂದಾಯಿಸುವಾಗ ಮಾತ್ರವಲ್ಲ, ಹಳೆಯ ನೋಂದಣಿಗೂ ಪೋರ್ಟಲ್ ಮೂಲಕ ಯಾವಾಗ ಬೇಕಾದರೂ ಈ ಹೆಸರನ್ನು ಸೇರಿಸಬಹುದು.