ತಾಳೆಯಾದ ಲೆಕ್ಕವೆಲ್ಲ ಸರಿಯೇ?

ನಮ್ಮ ಸಂಘಗಳ, ಸಣ್ಣ ಅಂಗಡಿಗಳ ಜಮಾಖರ್ಚು ಈಗ ಕೆಂಪು ರಟ್ಟಿನ ವಹಿಗಳನ್ನು ಬಿಟ್ಟು ಗಣಕಯಂತ್ರವನ್ನೇರಿದೆ. 1986ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸಂಸ್ಥೆಯ ‘ಟ್ಯಾಲಿ’ಯನ್ನು ಪರಊರಿನ ವರ್ತಕರೂ ಬಲ್ಲರು. ಆದರೆ ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ದಾಖಲೆಗಳನ್ನು ಸಾಗಿಸಿದಾಗ, ತಾಳೆಪಟ್ಟಿಯ ಎರಡು ಬದಿಗಳೂ ಸಮವಾದುವೆಂದು ಕೈತೊಳೆದುಕೊಳ್ಳುವುದು ತರವಲ್ಲ.

ಏಕೆಂದರೆ, ಒಂದೇ ಓಚರು ಎರಡು ಸಲ ಬಂದರೆ ಎರಡು ಬದಿಗಳೂ ಸಮನಾಗಿಯೇ ಏರುತ್ತವೆ. ಪೂರ್ತಿ ಬಿಟ್ಟುಹೋದರೆ ಸಮನಾಗಿಯೇ ಇಳಿಯುತ್ತವೆ. ಒಬ್ಬ ಸದಸ್ಯರ ಚಂದಾ ಇನ್ನೊಬ್ಬರ ಖಾತೆಗೆ ಬಿದ್ದರೂ ಮೊತ್ತ ಕದಲದು. ಆದರೆ ಹಣ ಕೊಟ್ಟವರು ಬಾಕಿದಾರರೆನಿಸಿ ನಾಲ್ವರೆದುರು ತಲೆತಗ್ಗಿಸಬೇಕಾದೀತು!

ಇದಕ್ಕೆ ಉಪಾಯವುಂಟು. ದಾಖಲೆ ಸಾಗಿಸುವ ಮುನ್ನ, ಕೆಟ್ಟ ದಾಖಲೆಯನ್ನು ರಿಪೇರಿ ಮಾಡಿಸುವ ಮುನ್ನ, ಒಂದು ನಕಲನ್ನು ತೆಗೆದು ಬೇರೆಡೆ ಇಡತಕ್ಕದ್ದು. ಸಾಗಿಸಿದ ಮೇಲೆ ಹಳೆಯ ಮತ್ತು ಹೊಸ ಓಚರುಗಳ ಸಂಖ್ಯೆಯನ್ನು ಎಣಿಸಿ ನೋಡಿ. ಆಸ್ತಿ ಹಾಗೂ ಹೊಣೆಗಳ ಖಾತೆಗಳಲ್ಲಿ ಮಾರ್ಚ್ 31ರ ಆಖೈರು ಶಿಲ್ಕನ್ನು ಏಪ್ರಿಲ್ 1ರ ಆರಂಭದ ಶಿಲ್ಕಿನೊಡನೆ ಒಂದೊಂದಾಗಿ ಹೋಲಿಸಿ. ಕೈಯಿಂದ ತುಂಬಿದ ಅಂಕಿಗಳಲ್ಲಿ ಬಂದ ವ್ಯತ್ಯಾಸವು 9ರಿಂದ ಪೂರ್ತಿ ಭಾಗವಾದರೆ, ಅಂಕಿಗಳು ಅದಲುಬದಲಾಗಿರಬಹುದು: 5,400 ಎಂಬುದು 4,500 ಆದರೆ ಅಂತರ 900.

ಕೊನೆಯದಾಗಿ, ಪ್ರತಿಯೊಬ್ಬ ಸದಸ್ಯರಿಗೂ ಅವರವರ ಖಾತೆಯ ಪ್ರತಿಯನ್ನು ಕಳುಹಿಸಿ, ರಸೀತಿಯೊಡನೆ ಹೋಲಿಸಿ ಒಪ್ಪಿಗೆ ತಿಳಿಸುವಂತೆ ಕೇಳಿರಿ. ಅಲ್ಲಿಯವರೆಗೆ ಹಳೆಯ ದಾಖಲೆಗಳನ್ನು ಅಳಿಸುವ ಅವಸರ ಬೇಡ.