ಹೆಂಚಿನ ಜಾಡು ಹಿಡಿದು ಮಂಗಳೂರಿಗೆ

ಮುಂಗಾರು ಕಾಲಿಡುವ ಮೊದಲು ಹೆಂಚು ಕೈಯಾಡಿಸುವುದು ದೇವನಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಕಳೆದ ವರ್ಷ ಹಾಗೆ ಇಳಿಸಿದ ಹೆಂಚೊಂದನ್ನು ನನ್ನ ಮಗಳು ಮಗುಚಿಹಾಕಿ, ಪಾಚಿಯನ್ನು ಉಜ್ಜಿ ತೆಗೆದು, ಅದರ ಬೆನ್ನಿನ ಮೇಲೆ ಉಬ್ಬಿ ನಿಂತಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದಳು. ಬಾಸೆಲ್ ಮಿಷನ್, ಮಂಗಳೂರು, 1865.

“ಅಪ್ಪಾ, ನಮ್ಮ ಮನೆ ಅಷ್ಟು ಹಳೆಯದೆ?”

“ಮನೆಯಲ್ಲಮ್ಮ, ಕಾರ್ಖಾನೆ ಅಷ್ಟು ಹಳೆಯದು.”

“ಘಟ್ಟದ ಕೆಳಗಿನ ಹೆಂಚು ಇಲ್ಲಿಗೇಕೆ ಬಂತು?”

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ತೋಚಲಿಲ್ಲ. ಡಿಸೆಂಬರ್ ರಜೆ ಬಂದೊಡನೆ ನಾವು ಮೂವರೂ ರಾತ್ರಿಯ ರೈಲು ಹತ್ತಿದೆವು. ಮಾರ್ಗದರ್ಶಿಯನ್ನು ಗೊತ್ತುಮಾಡಲಿಲ್ಲ. ಹಾಳೆಯ ಮೇಲೆ ನಾನೇ ಗೀಚಿಕೊಂಡ ನಕ್ಷೆ, ಒಂದು ಕೊಡೆ, ನೀರಿನ ಸೀಸೆ, ಮನೆಯವರು ಕಟ್ಟಿಕೊಂಡಿದ್ದ ಚಕ್ಕುಲಿಯ ಡಬ್ಬಿ, ಇಷ್ಟೇ ನಮ್ಮ ಪರಿಕರ. ಹೆಂಚು ಹುಟ್ಟಿದ ಕಡೆಯಿಂದ ಹೊರಟು, ನಮ್ಮೂರಿನಲ್ಲಿ ಹುಟ್ಟಿದ ಟಿಪ್ಪುಸುಲ್ತಾನ ಕಟ್ಟಿಸಿದ ಬುರುಜಿನಲ್ಲಿ ದಿನವನ್ನು ಮುಗಿಸುವುದೆಂದು ನಿಶ್ಚಯಿಸಿದ್ದೆವು.

ನದಿಯ ಮಣ್ಣು

ಬೆಳಗಿನ ಏಳು ಗಂಟೆಗೆ ಮಂಗಳಾದೇವಿಯ ಗುಡಿಯಲ್ಲಿ ಕೈಮುಗಿದು ನಡಿಗೆಯನ್ನು ಆರಂಭಿಸಿದೆವು. ಊರಿಗೆ ಈ ದೇವಿಯಿಂದಲೇ ಹೆಸರು ಬಂದಿತೆನ್ನುತ್ತಾರೆ. ಆದರೆ ಇದು ಒಂದೇ ಹೆಸರಿಗೆ ತೃಪ್ತಿಪಡುವ ಊರಲ್ಲ. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ನೇತ್ರಾವತಿ ಮತ್ತು ಗುರುಪುರ ಎಂಬ ಎರಡು ನದಿಗಳು ಇಲ್ಲಿ ಒಂದೇ ಅಳಿವೆಬಾಗಿಲಿನಿಂದ ಕಡಲನ್ನು ಸೇರುತ್ತವೆ.

ಗುಡಿಗೆ ಸಮೀಪದ ಜೆಪ್ಪುವಿನ ಕಡೆ, ನೇತ್ರಾವತಿಯ ದಡದಲ್ಲಿ, 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು ಹೆಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ಜೇಡಿಮಣ್ಣು, ಘಟ್ಟದ ಸೌದೆ, ಬಾಗಿಲಲ್ಲೇ ಬಂದರು. ಮೂರೂ ಒಂದೆಡೆ ಕೂಡಿಬಂದವು. ಒಂದರ ತುಟಿ ಇನ್ನೊಂದರ ಅಂಚಿಗೆ ಕಚ್ಚಿಕೊಳ್ಳುವಂತೆ ಮಾಡಿದ ಈ ಹೆಂಚು ನಾಡಹೆಂಚಿಗಿಂತ ಕಡಿಮೆ ಮರ ಬೇಡುತ್ತಿತ್ತು. ಗಾಳಿಮಳೆಗೆ ಸುಲಭವಾಗಿ ಜಗ್ಗುತ್ತಿರಲಿಲ್ಲ. ಆದ್ದರಿಂದಲೇ ಅದು ಘಟ್ಟವನ್ನೂ ಹತ್ತಿತು, ಕಡಲನ್ನೂ ದಾಟಿತು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಊರಿನ ಹೆಂಚಿನ ಕಾರ್ಖಾನೆಗಳು ಬಹುಮಟ್ಟಿಗೆ ಮುಚ್ಚಿಹೋದವು. “ನಿನ್ನ ಪ್ರಶ್ನೆಗೆ ಉತ್ತರ ಈ ಮಣ್ಣು,” ಎಂದು ಮಗಳಿಗೆ ತೋರಿಸಿದೆ. ಅವಳು ಒಂದು ಹಿಡಿ ತೆಗೆದು ಕಾಗದದಲ್ಲಿ ಕಟ್ಟಿಕೊಂಡಳು.

ಹಳೆಯ ಬಂದರು

ಅಲ್ಲಿಂದ ಪಾಂಡೇಶ್ವರದ ಮಾರ್ಗವಾಗಿ ನಡೆದರೆ ರೊಸಾರಿಯೊ ಇಗರ್ಜಿ ಸಿಕ್ಕುತ್ತದೆ. ಪೋರ್ಚುಗೀಸರು 1568ರಲ್ಲಿ ಸ್ಥಾಪಿಸಿದ್ದು. ಈಗಿರುವ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಮುಂದೆ ಹೋದಂತೆ ಗಾಳಿಯಲ್ಲಿ ಮೀನಿನ ವಾಸನೆ ದಟ್ಟವಾಯಿತು. ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆದರೆ ಧಕ್ಕೆಯ ಮೇಲೆ ನಿಂತು, ಸಾಲುಗಟ್ಟಿದ ಬಣ್ಣಬಣ್ಣದ ದೋಣಿಗಳನ್ನೂ ಹರಾಜು ಕೂಗುವವರ ಗದ್ದಲವನ್ನೂ ನೋಡುತ್ತ ಸೆರಗು ತಾನಾಗಿಯೇ ಕೆಳಗಿಳಿಯಿತು.

ಈ ಧಕ್ಕೆಗೆ ದೀರ್ಘವಾದ ಚರಿತ್ರೆಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ, ಪರ್ಷಿಯ ಮತ್ತು ಯೆಮನ್ ದೇಶಗಳ ವರ್ತಕರು ಈ ಬಂದರಿನಲ್ಲಿ ಇಳಿಯುತ್ತಿದ್ದರೆಂದೂ ಮೆಣಸು ಮತ್ತು ಶುಂಠಿ ಇಲ್ಲಿ ಹೇರಳವೆಂದೂ ಬರೆದಿಟ್ಟಿದ್ದಾನೆ. ಆದರೆ ನದಿಗಳು ತಂದ ಮರಳೇ ಅಳಿವೆಯಲ್ಲಿ ದಿಬ್ಬಗಟ್ಟಿ ದೊಡ್ಡ ಹಡಗುಗಳನ್ನು ಹೊರಗೆ ತಡೆಯಿತು. ಅವು ದೂರದಲ್ಲಿ ಲಂಗರು ಹಾಕಿದರೆ ದೋಣಿಗಳು ಸರಕನ್ನು ಸಾಗಿಸಬೇಕಾಗಿತ್ತು. ಕಡೆಗೆ ಉತ್ತರದ ಪಣಂಬೂರಿನಲ್ಲಿ ಹೊಸ ಬಂದರನ್ನು ತೋಡಿದರು; 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲೊಂದಾಯಿತು. ಹಳೆಯ ಬಂದರಿನಲ್ಲಿ ಮೀನಿನ ದೋಣಿಗಳೂ ಲಕ್ಷದ್ವೀಪಕ್ಕೆ ದಿನಸಿ ಒಯ್ಯುವ ಮಂಜಿಗಳೂ ಉಳಿದವು.

ಮಂಜಿಯೊಂದರ ಬಳಿ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಮಾತಾಡಿಸಿದರು.

“ಎಲ್ಲಿಂದ ಬಂದದ್ದು ನೀವು?”

“ದೇವನಹಳ್ಳಿಯಿಂದ.”

“ಓ, ವಿಮಾನದ ಊರು! ಹಾಗಾದರೆ ನಿಮ್ಮದೂ ಬಂದರೇ ಅಲ್ಲವಾ, ಮಾರಾಯ್ರೆ?”

ನಕ್ಕು ಮುಂದೆ ಸಾಗಿದೆವು. ಆದರೆ ಆ ಮಾತು ದಿನವಿಡೀ ನನ್ನ ಬೆನ್ನು ಬಿಡಲಿಲ್ಲ.

ಬಂದರಿನ ಓಣಿಗಳ ನಡುವೆಯೇ ಝೀನತ್ ಬಕ್ಷ್ ಮಸೀದಿಯಿದೆ. ಏಳನೆಯ ಶತಮಾನದಲ್ಲಿ ಅರಬ್ ವರ್ತಕರೊಡನೆ ಬಂದವರು ಸ್ಥಾಪಿಸಿದರೆಂಬುದು ಪರಂಪರಾಗತ ನಂಬಿಕೆ. ಟಿಪ್ಪು ಇದನ್ನು ಜೀರ್ಣೋದ್ಧಾರ ಮಾಡಿಸಿ ತನ್ನ ಮಗಳ ಹೆಸರಿಟ್ಟನೆಂದು ಹೇಳುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ಕರಾವಳಿಯ ದೇವಾಲಯಗಳ ಬಡಗಿಗಳ ಕೈಚಳಕವನ್ನು ನೆನಪಿಗೆ ತರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ರಥಬೀದಿಯ ವೆಂಕಟರಮಣನ ಗುಡಿ. ಬೀದಿಯ ಹೋಟೆಲಿನಲ್ಲಿ ಬನ್ಸ್ ಮತ್ತು ನೀರುದೋಸೆಗಳ ಸಮಾರಾಧನೆಯಾಯಿತು.

ಎರಡು ಬಾಗಿಲುಗಳು

ರಥಬೀದಿಯಿಂದ ಏರು ದಾರಿಯಲ್ಲಿ ಹಂಪನಕಟ್ಟೆಗೆ ಬಂದರೆ ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಇದು ಸ್ಥಾಪಿತವಾದಾಗ ಭೂಮಿಯನ್ನು ದಾನವಿತ್ತವಳು ಕೆಳದಿಯ ರಾಣಿ ಚೆನ್ನಮ್ಮ. 1784ರಲ್ಲಿ ಅದನ್ನು ಕೆಡವಿಸಿದವನು ಟಿಪ್ಪು. ಆ ವರ್ಷದ ಮಾರ್ಚ್ 11ರಂದು ಆಂಗ್ಲರೊಡನೆ ಮಂಗಳೂರು ಒಪ್ಪಂದವಾಗಿ ಯುದ್ಧ ನಿಂತಿತ್ತು. ಯುದ್ಧದಲ್ಲಿ ಶತ್ರುವಿಗೆ ನೆರವಾದರೆಂಬ ಆರೋಪದ ಮೇಲೆ ಈ ಸೀಮೆಯ ಕ್ರೈಸ್ತರನ್ನು ಮಕ್ಕಳುಮರಿ ಸಹಿತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆ ಬಿಟ್ಟದ್ದು 1799ರಲ್ಲಿ. ಅನೇಕರು ಮರಳಲೇ ಇಲ್ಲ. ನಾವು ರೈಲಿನಲ್ಲಿ ಮಲಗಿ ದಾಟಿಬಂದ ಘಟ್ಟವನ್ನು ಅವರು ಕಾಲ್ನಡಿಗೆಯಲ್ಲಿ ಹತ್ತಿದ್ದರು.

ನಮ್ಮೂರಿನಲ್ಲಿ ಟಿಪ್ಪು ಹುಟ್ಟಿದ ಸ್ಥಳವೆಂದು ಕಂಬಗಳ ಸಣ್ಣ ಆವರಣವೊಂದಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆಂಗ್ಲರೊಡನೆ ಕಾದಾಡಿ ಮಡಿದ ವೀರನ ಕಥೆ ಹೇಳುವುದು ರೂಢಿ. ಅದು ಸುಳ್ಳಲ್ಲ. ಆದರೆ ಬಂದರಿನ ಮಸೀದಿಯ ಬಾಗಿಲಿಗೂ ಹಂಪನಕಟ್ಟೆಯ ಇಗರ್ಜಿಯ ಬಾಗಿಲಿಗೂ ನಡುವೆ ನಡೆದರೆ ಅರ್ಧ ಗಂಟೆಯ ದಾರಿ. ಒಂದರಲ್ಲಿ ಕಟ್ಟಿಸಿದವನು, ಇನ್ನೊಂದರಲ್ಲಿ ಕೆಡವಿಸಿದವನು. ಒಂದೇ ಬಾಗಿಲಿನಲ್ಲಿ ನಿಂತವನು ಅರ್ಧವನ್ನೇ ಕಂಡಾನು. “ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ?” ಎಂದು ಮಗಳು ಕೇಳಿದಳು. “ಎರಡು ಬಾಗಿಲುಗಳನ್ನೂ ನೆನಪಿಟ್ಟುಕೊ,” ಎಂದರು ಅವಳ ತಾಯಿ. ನಾನು ಕೊಡಬಹುದಾಗಿದ್ದ ಉತ್ತರಕ್ಕಿಂತ ಅದು ಮೇಲಾಗಿತ್ತು.

ಗುಡ್ಡದ ಮೇಲೆ

ಹಂಪನಕಟ್ಟೆಯ ಮೇಲಿರುವುದೇ ಬಾವುಟಗುಡ್ಡ. 1837ರ ದಂಗೆಯಲ್ಲಿ ಕೊಡಗಿನ ಕಡೆಯಿಂದಲೂ ಸುಳ್ಯದ ಕಡೆಯಿಂದಲೂ ಇಳಿದುಬಂದ ರೈತರು ಆಂಗ್ಲರ ಬಾವುಟವನ್ನು ಇಳಿಸಿ ತಮ್ಮದನ್ನು ಏರಿಸಿದ್ದು ಇಲ್ಲೇ ಎಂಬುದು ಪ್ರತೀತಿ. ಪಕ್ಕದಲ್ಲಿ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಇದರ ಗೋಡೆ ಮತ್ತು ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದ. ತಲೆಯೆತ್ತಿ ನೋಡಿ ನೋಡಿ ಕತ್ತು ನೋಯುವಷ್ಟು ಚಿತ್ರಗಳು.

ಆದರೆ ಕನ್ನಡದ ಮೇಷ್ಟರಿಗೆ ನಿಜವಾದ ಯಾತ್ರಾಸ್ಥಳ ಮುಂದಿನದು, ಬಲ್ಮಠ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನೆಲೆಯೂರಿದ ಗುಡ್ಡ ಇದು. ಅವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ವಾಚಕರ ಕೈಯಲ್ಲಿರುವ ಈ ವಾರಪತ್ರಿಕೆಯ ವಂಶವೃಕ್ಷವೂ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು 70,000 ಶಬ್ದಗಳ ಆ ಭಂಡಾರ, 1894ರಲ್ಲಿ ಮುದ್ರಣವಾದದ್ದೂ ಈ ಮಿಷನ್ನಿನ ಮುದ್ರಣಾಲಯದಲ್ಲಿ. ನನ್ನ ಮನೆಯ ಸೂರು, ನನ್ನ ಮೇಜಿನ ಮೇಲಿನ ನಿಘಂಟು, ಎರಡೂ ಒಂದೇ ಬಂದರಿನಿಂದ ಬಂದವು!

ಬಿಸಿಲೇರಿದ ಮೇಲೆ ಊಟ ಮುಗಿಸಿ, ಆಟೋ ಹಿಡಿದು ಕದ್ರಿಗೆ ಹೋದೆವು. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಅಳುಪ ದೊರೆ ಕುಂದವರ್ಮನ ಕಾಲದ್ದು, 968ರದು. ಬೌದ್ಧ ಬೋಧಿಸತ್ವನ ಹೆಸರು, ಶೈವ ಗುಡಿಯ ಪೂಜೆ. ಈ ಊರಿನ ಗುಣಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬುರುಜಿನ ಮೇಲಿಂದ

ಸಂಜೆ ಐದಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಶತ್ರುವಿನ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಕರಿಗಲ್ಲಿನ ಪುಟ್ಟ ಕಟ್ಟಡ. ಸುತ್ತಲೂ ತೋಪಿನ ಕಂಡಿಗಳು. ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ನದಿ, ಆಚೆ ತಣ್ಣೀರುಬಾವಿಯ ತೆಂಗು, ಅದರಾಚೆ ಕಡಲು. ನೀರಿನ ಮೇಲೆ ಹೊತ್ತು ಕೆಂಪಾಗುತ್ತಿತ್ತು.

ಆಗ ಧಕ್ಕೆಯ ವೃದ್ಧರ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. 2008ರಿಂದ ನಮ್ಮ ದೇವನಹಳ್ಳಿಯೂ ಬಂದರೇ ಸರಿ. ಹಡಗಿನ ಬದಲು ವಿಮಾನ. ಜಗತ್ತಿನ ಜನ ದಿನವೂ ಅಲ್ಲಿ ಇಳಿಯುತ್ತಾರೆ, ಕಾರು ಹತ್ತಿ ಬೆಂಗಳೂರಿಗೆ ಹೊರಟುಹೋಗುತ್ತಾರೆ. ಕೋಟೆಯ ಬೀದಿಗಳಲ್ಲಿ ನಡೆಯುವವರು ಅಪರೂಪ. ಮಂಗಳೂರಿನಲ್ಲಿ ಬಂದವರು ಕೆಲಕಾಲ ನಿಂತರು. ವ್ಯಾಪಾರ ಮಾಡಿದರು, ಕಾದಾಡಿದರು, ಕಟ್ಟಿದರು, ಕೆಡವಿದರು, ಅಚ್ಚು ಹಾಕಿದರು. ಆದ್ದರಿಂದ ಅಲ್ಲಿ ಒಂದು ದಿನವಿಡೀ ನಡೆಯುವಷ್ಟು ಬೀದಿಗಳು ಉಳಿದಿವೆ. ಮುಂದೊಂದು ದಿನ ಯಾರಾದರೂ ಹಾಳೆಯ ಮೇಲೆ ನಕ್ಷೆ ಗೀಚಿಕೊಂಡು ನಮ್ಮೂರಿಗೆ ಬಂದರೆ ಅವರಿಗೆ ನಡೆಯಲು ಏನನ್ನು ಉಳಿಸಿರುತ್ತೇವೆ?

ನೀವೂ ಹೋಗಿಬನ್ನಿ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಹಿತ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಧಕ್ಕೆ ಮಂಕಾಗಿರುತ್ತದೆ. ಮಳೆಯಂತೂ ಕೊಡೆಯನ್ನು ಲೆಕ್ಕಕ್ಕೇ ಇಡದು. ಬೆಳಗಿನ ತಂಪಿನಲ್ಲಿ ಬಂದರನ್ನು ಮುಗಿಸಿಕೊಂಡು ಗುಡ್ಡ ಹತ್ತಿರಿ. ಇಗರ್ಜಿ, ಮಸೀದಿ, ಗುಡಿಗಳಲ್ಲಿ ಕೇಳಿಯೇ ಒಳಹೋಗಿರಿ.

ಊರಿಗೆ ಮರಳಿದ ಮೇಲೆ ಮಗಳು ಆ ಹೆಂಚನ್ನು ಮೇಲೇರಿಸಲು ಒಪ್ಪಲಿಲ್ಲ. ಅದು ಈಗ ನಮ್ಮ ಜಗುಲಿಯ ಮೇಲಿದೆ. ಅದರ ಮೇಲೆ, ಕಾಗದದ ಪೊಟ್ಟಣದಲ್ಲಿ, ನೇತ್ರಾವತಿಯ ಒಂದು ಹಿಡಿ ಮಣ್ಣು.