ಫೆಲ್ಟ್ ಹ್ಯಾಟಿನ ನಯ ಮತ್ತು ಅದಕ್ಕೆ ತೆತ್ತ ಬೆಲೆ

ತಲೆಯುಡುಗೆಗೆ ಗೌರವವನ್ನು ಸಲ್ಲಿಸದ ನಾಡು ಪ್ರಪಂಚದಲ್ಲಿ ಇಲ್ಲವೆಂದೇ ಹೇಳಬೇಕು. ನಮ್ಮ ಹಿರಿಯರಿಗೆ ರುಮಾಲು ಪೇಟಗಳು ಹೇಗೆ ಮಾನದ ಕುರುಹಾಗಿದ್ದುವೋ, ಯುರೋಪು ಅಮೆರಿಕಗಳ ಜನರಿಗೆ ಫೆಲ್ಟ್ ಹ್ಯಾಟು ಬಹುಕಾಲ ಹಾಗೆಯೇ ಇದ್ದಿತು. ಬರಿದಲೆಯಲ್ಲಿ ಬೀದಿಗಿಳಿಯುವುದು ಅಲ್ಲಿಯೂ ಅಗೌರವವೆನಿಸುತ್ತಿತ್ತು. ನಮ್ಮ ಆಡುಮಾತಿನಲ್ಲಿ 'ಟೋಪಿ ಹಾಕುವುದು' ಎಂದರೆ ಮೋಸಮಾಡುವುದು ಎಂದರ್ಥ. ಆದರೆ ಒಂದು ಒಳ್ಳೆಯ ಫೆಲ್ಟ್ ಹ್ಯಾಟನ್ನು ಮಾಡುವ ಕಸಬಿನಲ್ಲಿ ಮೋಸಕ್ಕೆ ಎಡೆಯೇ ಇಲ್ಲ. ಅವಸರದಿಂದ ಮಾಡಿದ ಹ್ಯಾಟು ಮೊದಲ ಮಳೆಗೇ ತನ್ನ ಬಂಡವಾಳವನ್ನು ಬಯಲುಮಾಡುತ್ತದೆ. ಈ ಕಸಬಿನ ಸ್ವರೂಪವೇನು, ಅದರಲ್ಲಿ ಹೆಸರಾದ ಊರುಗಳೂ ಮನೆತನಗಳೂ ಯಾವುವು, ಆ ಹೆಸರಿಗಾಗಿ ಯಾರು ಯಾವ ಬೆಲೆಯನ್ನು ತೆತ್ತರು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ಮೊದಲು ಫೆಲ್ಟ್ ಎಂದರೇನೆಂಬುದನ್ನು ತಿಳಿಯೋಣ. ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳಿರುತ್ತವೆ. ಫೆಲ್ಟಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ; ಅದಕ್ಕೆ ನೂಲೂ ಬೇಡ, ಮಗ್ಗವೂ ಬೇಡ. ಪ್ರಾಣಿಗಳ ರೋಮವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದರ ಮೈಮೇಲೆ ಮೀನಿನ ಮೈಯಲ್ಲಿರುವಂತಹ ಹುರುಪೆಗಳು ಕಾಣುತ್ತವೆ. ಅವೆಲ್ಲವೂ ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಬಿಸಿ, ತೇವ, ಒತ್ತಡ ಈ ಮೂರನ್ನೂ ಕೊಟ್ಟು ರೋಮಗಳನ್ನು ಉಜ್ಜಿದಾಗ ಪ್ರತಿಯೊಂದು ರೋಮವೂ ತನ್ನ ಬುಡದ ದಿಕ್ಕಿಗೆ ಮಾತ್ರ ಸರಿಯುತ್ತದೆ. ಹಿಂದಕ್ಕೆ ಬರಲು ಹುರುಪೆಗಳು ಬಿಡುವುದಿಲ್ಲ. ಹೀಗೆ ಲಕ್ಷಾವಧಿ ರೋಮಗಳು ಒಂದರೊಳಗೊಂದು ಹೊಕ್ಕು, ಬಿಡಿಸಲಾಗದಂತೆ ಹೆಣೆದುಕೊಂಡು ಕುಗ್ಗುತ್ತವೆ. ಉಣ್ಣೆಯ ಸ್ವೆಟರನ್ನು ಕುದಿಯುವ ನೀರಿನಲ್ಲಿ ಒಗೆದು ಹಾಳುಮಾಡಿಕೊಂಡವರಿಗೆ ಈ ತತ್ತ್ವದ ಅನುಭವ ಈಗಾಗಲೇ ಆಗಿರುತ್ತದೆ. ಅಲ್ಲಿ ಹಾನಿಯಾಗಿ ತೋರುವ ಕ್ರಿಯೆಯೇ ಹ್ಯಾಟು ಮಾಡುವವನಿಗೆ ಜೀವನೋಪಾಯ.

ಕುರಿಯ ಉಣ್ಣೆಯಿಂದಲೂ ಫೆಲ್ಟ್ ಆಗುತ್ತದೆ. ಆದರೆ ಅದು ಒರಟು, ಭಾರ. ಉತ್ತಮ ಹ್ಯಾಟಿಗೆ ಬೇಕಾದುದು ಬೀವರ್, ಕಾಡುಮೊಲ, ಸಾಕುಮೊಲ ಮುಂತಾದ ಪ್ರಾಣಿಗಳ ಚರ್ಮದ ಮೇಲಿನ ಒರಟು ಕೂದಲಿನ ಕೆಳಗಿರುವ ಮೃದುವಾದ ತುಪ್ಪಳ. ಬೀವರ್ ಎಂಬುದು ಹಲ್ಲಿನಿಂದ ಮರಗಳನ್ನು ಕಡಿದು ಹೊಳೆಗಳಿಗೆ ಅಡ್ಡಗಟ್ಟೆ ಕಟ್ಟುವ ಶೀತದೇಶದ ಪ್ರಾಣಿ. ಅದರ ತುಪ್ಪಳವು ಯಾವ ಔಷಧದ ನೆರವೂ ಇಲ್ಲದೆ ಚೆನ್ನಾಗಿ ಹೆಣೆದುಕೊಳ್ಳುತ್ತದೆ. ಮಳೆಯ ನೀರು ಅದರೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಈ ಗುಣವೇ ಆ ಬಡಪ್ರಾಣಿಗೆ ಮೃತ್ಯುವಾಯಿತು. ಹದಿನೇಳನೆಯ ಶತಮಾನದ ವೇಳೆಗೆ ಪಶ್ಚಿಮ ಯುರೋಪಿನಲ್ಲಿ ಬೀವರ್ ಬಹುಮಟ್ಟಿಗೆ ನಿರ್ನಾಮವಾಗಿತ್ತು. ವ್ಯಾಪಾರಿಗಳ ದೃಷ್ಟಿ ಉತ್ತರ ಅಮೆರಿಕದ ಕಡೆಗೆ ತಿರುಗಿತು. ೧೬೭೦ರಲ್ಲಿ ಇಂಗ್ಲೆಂಡಿನ ದೊರೆಯ ಸನ್ನದು ಪಡೆದು ಹುಟ್ಟಿದ ಹಡ್ಸನ್ಸ್ ಬೇ ಕಂಪೆನಿಯ ಮುಖ್ಯ ವ್ಯವಹಾರವೇ ತುಪ್ಪಳದ ಚರ್ಮ. ಅಲ್ಲಿನ ಮೂಲನಿವಾಸಿಗಳು ಒಂದೆರಡು ವರ್ಷ ಮೈಮೇಲೆ ಹೊದೆದು ಸವೆಸಿದ ಬೀವರ್ ಚರ್ಮಗಳಿಗೆ ಹೊಸ ಚರ್ಮಗಳಿಗಿಂತಲೂ ಹೆಚ್ಚು ಬೆಲೆ ಸಿಕ್ಕುತ್ತಿದ್ದಿತು. ಮೈಯ ತಿಕ್ಕಾಟಕ್ಕೆ ಮೇಲಿನ ಒರಟು ಕೂದಲು ಉದುರಿ, ಒಳಗಿನ ತುಪ್ಪಳ ಮಾತ್ರ ಉಳಿದಿರುತ್ತಿದ್ದುದೇ ಇದಕ್ಕೆ ಕಾರಣ.

ಇನ್ನು ಹ್ಯಾಟು ಸಿದ್ಧವಾಗುವ ಕ್ರಮ. ಚರ್ಮದಿಂದ ಕತ್ತರಿಸಿ ತೆಗೆದ ತುಪ್ಪಳವನ್ನು ಮೊದಲು ಬಿಡಿಬಿಡಿಯಾಗಿಸಬೇಕು. ಯಂತ್ರಗಳು ಬರುವ ಮುನ್ನ ಯುರೋಪಿನ ಹ್ಯಾಟುಗಾರರು ಇದಕ್ಕಾಗಿ ಆಳೆತ್ತರದ ಬಿಲ್ಲೊಂದನ್ನು ತೂಗುಬಿಟ್ಟು, ಅದರ ತಂತಿಯನ್ನು ಮೀಟಿ ತುಪ್ಪಳವನ್ನು ಹಿಂಜುತ್ತಿದ್ದರು. ನಮ್ಮ ಊರುಗಳಲ್ಲಿ ಅರಳೆ ಹಿಂಜುವ ಪಿಂಜಾರನ ಬಿಲ್ಲನ್ನು ನೋಡಿದವರಿಗೆ ಅದರ ರೀತಿ, ಅದರ ಝೇಂಕಾರ ಎರಡೂ ಥಟ್ಟನೆ ತಿಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದ ಮೇಲೆ, ರಂಧ್ರಗಳಿರುವ ಲೋಹದ ದೊಡ್ಡ ಶಂಕುವಿನ ಮೇಲೆ ತುಪ್ಪಳವನ್ನು ಹಾರಿಬಿಟ್ಟು, ಒಳಗಿನಿಂದ ಗಾಳಿಯನ್ನು ಎಳೆದು ಅಂಟಿಸುವ ಪದ್ಧತಿ ರೂಢಿಗೆ ಬಂದಿತು. ಬಿಸಿನೀರನ್ನು ಚಿಮುಕಿಸಿ ಶಂಕುವಿನಿಂದ ಬಿಡಿಸಿದಾಗ ದೊರೆಯುವುದು ಹ್ಯಾಟಿನ ಎರಡು ಮೂರು ಪಟ್ಟು ದೊಡ್ಡದಾದ, ಮುಟ್ಟಿದರೆ ಹರಿಯುವಂತಹ ತೆಳು ಗವಸು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಸುತ್ತಿ, ಹೊಸೆದು, ಮತ್ತೆ ಅದ್ದಿ, ಮತ್ತೆ ಹೊಸೆದು ಕುಗ್ಗಿಸುತ್ತ ಹೋಗಬೇಕು. ಅನಂತರ ಬಣ್ಣ ಕಟ್ಟಿ, ಗಡಸುತನಕ್ಕಾಗಿ ಅರಗಿನ ದ್ರಾವಣವನ್ನು ಊಡಿ, ಹಬೆಯಲ್ಲಿ ಮೆದುಮಾಡಿ, ಮರದ ಅಚ್ಚಿನ ಮೇಲೆ ಎಳೆದು ಆಕಾರ ಕೊಡುತ್ತಾರೆ. ಈ ಅರಗು ಬಹುಪಾಲು ನಮ್ಮ ದೇಶದಿಂದಲೇ, ಅದರಲ್ಲಿಯೂ ಛೋಟಾನಾಗಪುರದ ಕಾಡುಗಳಿಂದ, ಹೊರದೇಶಗಳಿಗೆ ಹೋಗುತ್ತಿದ್ದಿತೆಂಬುದು ಗಮನಾರ್ಹ. ಕಡೆಗೆ ನುಣುಪಾದ ಮರಳುಕಾಗದದಿಂದ ಮೈಯನ್ನು ಉಜ್ಜಿ, ಒಳಗೆ ತೊಗಲಿನ ಪಟ್ಟಿಯನ್ನೂ ಹೊರಗೆ ರೇಷ್ಮೆಯ ಪಟ್ಟಿಯನ್ನೂ ಹೊಲಿದರೆ ಹ್ಯಾಟು ಪೂರ್ಣವಾಯಿತು. ಇಟಲಿಯ ಬೊರ್ಸಾಲಿನೊ ಸಂಸ್ಥೆಯ ಹೇಳಿಕೆಯಂತೆ ಒಂದು ಹ್ಯಾಟು ಐವತ್ತಕ್ಕೂ ಹೆಚ್ಚು ಹಂತಗಳನ್ನು ದಾಟಲು ಸುಮಾರು ಏಳು ವಾರಗಳು ಬೇಕು.

ಈ ಬೊರ್ಸಾಲಿನೊ ಮನೆತನದ ಕಥೆ ಸ್ವಾರಸ್ಯಕರವಾದುದು. ೧೮೩೪ರಲ್ಲಿ ಜನಿಸಿದ ಜುಸೆಪ್ಪೆ ಬೊರ್ಸಾಲಿನೊ ಎಳೆಯ ವಯಸ್ಸಿನಲ್ಲಿಯೇ ಈ ಕಸಬಿಗೆ ಸೇರಿ, ಪ್ಯಾರಿಸ್ ನಗರಕ್ಕೆ ಹೋಗಿ ವರ್ಷಗಟ್ಟಲೆ ದುಡಿದು ಕಲಿತು, ತಾಯ್ನಾಡಿಗೆ ಮರಳಿ ೧೮೫೭ರಲ್ಲಿ ಅಲೆಸ್ಸಾಂಡ್ರಿಯಾ ಪಟ್ಟಣದಲ್ಲಿ ಸಣ್ಣ ಕಾರ್ಯಾಗಾರವನ್ನು ತೆರೆದನು. ೧೯೦೦ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನ ಹ್ಯಾಟಿಗೆ ಶ್ರೇಷ್ಠ ಬಹುಮಾನ ದೊರಕಿತು; ಅದೇ ವರ್ಷ ಅವನು ತೀರಿಕೊಂಡನು. ಮಗ ತೆರೇಸಿಯೊನ ಕಾಲದಲ್ಲಿ, ಮೊದಲನೆಯ ಮಹಾಯುದ್ಧದ ಹೊಸ್ತಿಲಿನ ಹೊತ್ತಿಗೆ, ಕಾರ್ಖಾನೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಕೆಲಸಗಾರರಿದ್ದು ವರ್ಷಕ್ಕೆ ಸುಮಾರು ೨೦ ಲಕ್ಷ ಹ್ಯಾಟುಗಳು ಹೊರಬರುತ್ತಿದ್ದುವು. ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಊರಿನಲ್ಲಿ 'ಬೊರ್ಸಾಲಿನೆ' ಎಂದೇ ಹೆಸರು. ಅಂದರೆ ಕಾರ್ಖಾನೆಯ ಹೆಸರೇ ಅವರ ಹೆಸರಾಗಿದ್ದಿತು. ಆ ಮನೆತನದವರು ಊರಿಗೆ ಕ್ಷಯರೋಗಿಗಳ ಚಿಕಿತ್ಸಾಲಯವೇ ಮೊದಲಾದ ಲೋಕೋಪಯೋಗಿ ಕಟ್ಟಡಗಳನ್ನು ಕಟ್ಟಿಸಿಕೊಟ್ಟರು.

ಅಮೆರಿಕದಲ್ಲಿ ಇದಕ್ಕೆ ಸಮಾನವಾದ ಹೆಸರು ಸ್ಟೆಟ್ಸನ್. ನ್ಯೂಜೆರ್ಸಿಯ ಆರೆಂಜ್ ಎಂಬಲ್ಲಿ ೧೮೩೦ರಲ್ಲಿ ಹ್ಯಾಟುಗಾರನ ಮಗನಾಗಿ ಹುಟ್ಟಿದ ಜಾನ್ ಬಿ. ಸ್ಟೆಟ್ಸನ್‌ಗೆ ಯೌವನದಲ್ಲಿಯೇ ಕ್ಷಯರೋಗ ತಗುಲಿತು. ಆರೋಗ್ಯವನ್ನರಸಿ ಪಶ್ಚಿಮದ ಬಯಲುನಾಡಿಗೆ ಹೋದ ಅವನು, ಜೊತೆಗಾರರಿಗೆ ತೋರಿಸಲೆಂದು ಬೇಟೆಯ ಪ್ರಾಣಿಗಳ ತುಪ್ಪಳದಿಂದಲೇ ಫೆಲ್ಟ್ ಮಾಡಿ ಅಗಲವಾದ ಅಂಚಿನ ಹ್ಯಾಟನ್ನು ರಚಿಸಿದನೆಂಬ ಕಥೆ ಪ್ರಚಲಿತವಾಗಿದೆ. ೧೮೬೫ರಲ್ಲಿ ಫಿಲಡೆಲ್ಫಿಯಾದಲ್ಲಿ ನೂರು ಡಾಲರ್ ಬಂಡವಾಳದಿಂದ ಅವನು ಪ್ರಾರಂಭಿಸಿದ ಅಂಗಡಿ, ಬಿಸಿಲು ಮಳೆಗಳನ್ನು ತಡೆಯುವ ಅಂತಹ ಹ್ಯಾಟಿನಿಂದಲೇ ಪ್ರಸಿದ್ಧಿಗೆ ಬಂದಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು.

ಹೀಗೆ ಹೆಸರಾದ ಊರುಗಳು ಇನ್ನೂ ಇವೆ. ಈಗಿನ ಚೆಕ್ ಗಣರಾಜ್ಯದ ನೋವಿ ಯಿಚಿನ್ ಪಟ್ಟಣದಲ್ಲಿ ಹ್ಯುಕೆಲ್ ಮನೆತನದವರು ೧೭೯೯ರಿಂದ ಈ ಕಸಬನ್ನು ನಡೆಸುತ್ತಿದ್ದರು. ೧೯೪೫ರಲ್ಲಿ ಅಲ್ಲಿನ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡು ಮುಂದೆ ಟೊನಾಕ್ ಎಂಬ ಹೆಸರಿನಿಂದ ಪ್ರಸಿದ್ಧವಾದುವು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್, ಅಮೆರಿಕದ ಡ್ಯಾನ್‌ಬರಿ ಊರುಗಳ ಬದುಕೇ ಹ್ಯಾಟಿನ ಮೇಲೆ ನಿಂತಿದ್ದಿತು. ಆಸ್ಟ್ರೇಲಿಯದಲ್ಲಿ ಯುರೋಪಿನಿಂದ ತಂದು ಬಿಟ್ಟ ಮೊಲಗಳು ೧೮೫೯ರಿಂದೀಚೆಗೆ ಬೆಳೆಗೆ ಪಿಡುಗಾಗಿ ಹಬ್ಬಿದುವಷ್ಟೆ. ಆ ಮೊಲಗಳ ತುಪ್ಪಳದಿಂದಲೇ ಅಕುಬ್ರಾ ಹ್ಯಾಟು ಆ ದೇಶದ ಹೆಗ್ಗುರುತಾಯಿತು.

ಇಷ್ಟನ್ನು ಓದಿದವರಿಗೆ ಇದು ಬರಿಯ ಏಳಿಗೆಯ ಕಥೆಯೆಂದು ತೋರಬಹುದು. ಆದರೆ ಇದಕ್ಕೊಂದು ಕರಾಳ ಮುಖವೂ ಇದೆ. ಬೀವರ್ ತುಪ್ಪಳ ದುರ್ಲಭವಾದಂತೆ ಹ್ಯಾಟುಗಾರರು ಅಗ್ಗವಾದ ಮೊಲದ ತುಪ್ಪಳವನ್ನು ಅವಲಂಬಿಸಿದರು. ಮೊಲದ ತುಪ್ಪಳವಾದರೋ ತಾನಾಗಿ ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಆ ದ್ರಾವಣವನ್ನು ಚರ್ಮಕ್ಕೆ ಬಳಿದರೆ ರೋಮದ ಮೈ ಒರಟಾಗಿ, ಅದು ಬೇಗ ಫೆಲ್ಟ್ ಆಗುತ್ತದೆಂಬುದನ್ನು ಅವರು ಕಂಡುಕೊಂಡರು. ಒಣಗಿದಾಗ ರೋಮದ ತುದಿ ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಇಂಗ್ಲಿಷರು ಈ ಕ್ರಿಯೆಯನ್ನು ಗಜ್ಜರಿಯ ಹೆಸರಿನಿಂದಲೇ ಕರೆದರು. ಕೆಲಸ ಬೇಗ ಸಾಗತೊಡಗಿತು. ಆದರೆ ಒಣಗಿಸುವಾಗ, ಹಬೆಯಲ್ಲಿ ಹೊಸೆಯುವಾಗ, ಅಚ್ಚಿನ ಮೇಲೆ ಎಳೆಯುವಾಗ ಎದ್ದ ಪಾದರಸದ ಆವಿ ಕೆಲಸಗಾರನ ಉಸಿರಿನೊಡನೆ ಒಳಹೊಕ್ಕಿತು. ವಸಡು ಬಾತು ಹಲ್ಲು ಸಡಿಲವಾಗುವುದು, ಜೊಲ್ಲು ಸುರಿಯುವುದು, ಕೈಕಾಲು ನಡುಗುವುದು, ಕಾರಣವಿಲ್ಲದೆ ಸಿಡುಕುವುದು, ಪರಿಚಿತರ ಮುಂದೆಯೂ ನಾಚಿ ಮುದುಡುವುದು - ಇವು ಆ ರೋಗದ ಲಕ್ಷಣಗಳು. ಡ್ಯಾನ್‌ಬರಿಯಲ್ಲಿ ಈ ರೋಗಕ್ಕೆ 'ಡ್ಯಾನ್‌ಬರಿಯ ನಡುಕ' ಎಂದೇ ಹೆಸರಾಯಿತು. ಕಪ್‌ ಎತ್ತಿದರೆ ಚಹಾ ಚೆಲ್ಲುವ ಕೈಗಳು ಆ ಊರಿನವರಿಗೆ ಅಪರೂಪದ ನೋಟವಾಗಿರಲಿಲ್ಲ. 'ಹ್ಯಾಟುಗಾರನಂತೆ ಹುಚ್ಚ' ಎಂಬ ಇಂಗ್ಲಿಷ್ ಗಾದೆಯ ಮೂಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅನೇಕರು ಅದನ್ನು ಈ ವ್ಯಾಧಿಗೆ ಜೋಡಿಸುತ್ತಾರೆ.

ಈ ವಿಷಯ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಗೊತ್ತಿದ್ದಿತು. ಸ್ಟೆಟ್ಸನ್ ಹುಟ್ಟಿದ ಆ ಆರೆಂಜ್ ಪಟ್ಟಣದಲ್ಲಿಯೇ ಜೆ. ಆಡಿಸನ್ ಫ್ರೀಮನ್ ಎಂಬ ವೈದ್ಯನು ಹ್ಯಾಟುಗಾರರ ಪಾದರಸ ವ್ಯಾಧಿಯನ್ನು ಕುರಿತು ೧೮೬೦ರಲ್ಲಿಯೇ ಬರೆದನು. ಅಮೆರಿಕದ ಹ್ಯಾಟು ಕಾರ್ಖಾನೆಗಳಲ್ಲಿ ಪಾದರಸದ ಬಳಕೆ ನಿಂತುದು ೧೯೪೧ರಲ್ಲಿ. ನಡುವೆ ಎಂಬತ್ತೊಂದು ವರ್ಷಗಳು. ಎಂದರೆ ತಾತ, ತಂದೆ, ಮಗ ಎಂಬ ಮೂರು ತಲೆಮಾರುಗಳು ಒಂದೇ ಆವಿಯನ್ನು ಉಸಿರಾಡುವಷ್ಟು ಕಾಲ. ನಡುಕವು ಕುಡಿತದ ಫಲವೆಂದು ಹೇಳಿ ಕೈತೊಳೆದುಕೊಂಡವರೂ ಇದ್ದರು. ಕೆಲಸ ಹೋದೀತೆಂಬ ಭಯದಿಂದ ನಡುಗುವ ಕೈಯನ್ನು ಮರೆಮಾಡಿಕೊಂಡವರೂ ಇದ್ದರು. ೧೯೪೧ರಲ್ಲಿಯೂ ಕೆಲಸಗಾರರ ಆರೋಗ್ಯವೊಂದೇ ನಿಷೇಧಕ್ಕೆ ಕಾರಣವಾಗಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಬದಲಿ ರಾಸಾಯನಿಕಗಳು ಅಷ್ಟರಲ್ಲಿ ದೊರೆತಿದ್ದುವು. ಯುದ್ಧದ ಸಿಡಿಮದ್ದಿಗೆ ಪಾದರಸದ ಅವಶ್ಯಕತೆಯೂ ಒದಗಿತ್ತು. ಹತ್ತೊಂಬತ್ತನೆಯ ಶತಮಾನದ ಹ್ಯಾಟುಗಳನ್ನು ಸಂಗ್ರಹಾಲಯಗಳಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಪಾದರಸದ ಶೇಷ ಇಂದಿಗೂ ಕಾಣಸಿಕ್ಕುತ್ತದೆ. ಧರಿಸಿದವನೂ ಇಲ್ಲ, ಮಾಡಿದವನೂ ಇಲ್ಲ. ವಿಷ ಮಾತ್ರ ಉಳಿದಿದೆ.

ವಿಷ ತೊಲಗಿದ ಮೇಲೆ ಹ್ಯಾಟಿನ ಕಾಲವೂ ಬಹಳ ದಿನ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ಕಾರು ಮನೆಮನೆಗೆ ಬಂದಿತು. ಅದರ ತಗ್ಗಾದ ಚಾವಣಿಯ ಕೆಳಗೆ ಹ್ಯಾಟಿಗೆ ಸ್ಥಳವಿರಲಿಲ್ಲ. ಯುವಕರು ಉಡುಪಿನ ಹಳೆಯ ಕಟ್ಟುಗಳನ್ನು ಸಡಿಲಿಸಿದರು. ಅಧ್ಯಕ್ಷ ಕೆನಡಿಯವರು ಬರಿದಲೆಯಲ್ಲಿ ತಿರುಗಿದುದೇ ಹ್ಯಾಟಿನ ಅವನತಿಗೆ ಕಾರಣವೆಂಬ ಮಾತು ಜನಜನಿತವಾಗಿದ್ದರೂ, ೧೯೬೧ರ ಅಧಿಕಾರ ಸ್ವೀಕಾರದ ದಿನ ಅವರು ಹ್ಯಾಟನ್ನು ತಂದೇ ಇದ್ದರು. ಅವನತಿ ಅದಕ್ಕೂ ಮೊದಲೇ ಆರಂಭವಾಗಿತ್ತು. ಫಿಲಡೆಲ್ಫಿಯಾದ ಸ್ಟೆಟ್ಸನ್ ಕಾರ್ಖಾನೆ ೧೯೭೧ರಲ್ಲಿ ಬಾಗಿಲು ಮುಚ್ಚಿತು. ಆ ಹೆಸರಿನ ಹ್ಯಾಟುಗಳು ಈಗ ಟೆಕ್ಸಾಸ್ ಪ್ರಾಂತದಲ್ಲಿ ತಯಾರಾಗುತ್ತವೆ. ಬೊರ್ಸಾಲಿನೊ ೧೯೮೬ರಲ್ಲಿ ಊರೊಳಗಿನ ಹಳೆಯ ಕಾರ್ಖಾನೆಯನ್ನು ತೊರೆದು ಹೊರವಲಯಕ್ಕೆ ಹೋಯಿತು. ೨೦೧೭ರಲ್ಲಿ ದಿವಾಳಿಯೆಂದು ಘೋಷಿತವಾಗಿ, ಮರುವರ್ಷ ಹೊಸ ಒಡೆಯರ ಕೈಸೇರಿ ಬದುಕಿಕೊಂಡಿತು. ಸ್ಟಾಕ್‌ಪೋರ್ಟಿನ ಕೊನೆಯ ದೊಡ್ಡ ಕಾರ್ಖಾನೆ ೧೯೯೭ರಲ್ಲಿ ನಿಂತಿತು. ೨೦೦೦ದಲ್ಲಿ ಅಲ್ಲಿ ಹ್ಯಾಟಿನ ಸಂಗ್ರಹಾಲಯವೊಂದು ತೆರೆಯಿತು.

ಹೀಗಿದ್ದರೂ ಹಳೆಯ ಫೆಲ್ಟ್ ಹ್ಯಾಟುಗಳನ್ನು ಹುಡುಕಿ ಜತನದಿಂದ ಕಾಯುವ ರಸಿಕರು ಇಂದಿಗೂ ಅನೇಕ ದೇಶಗಳಲ್ಲಿದ್ದಾರೆ. ಒಳ್ಳೆಯ ಹಳೆಯ ಹ್ಯಾಟು ಕೈಗೆ ಹಗುರ, ಮುಟ್ಟಿದರೆ ಮೃದು. ಆದರೂ ಅದರ ಹೆಣಿಗೆ ಬಲು ಬಿಗಿ. ಮಡಿಚಿ ಬಿಟ್ಟರೆ ತನ್ನ ಆಕಾರಕ್ಕೆ ತಾನೇ ಮರಳುತ್ತದೆ. ಹಳೆಯ ಮರದ ಅಚ್ಚುಗಳನ್ನೂ ಹೊಲಿಗೆಯ ಯಂತ್ರಗಳನ್ನೂ ಗುಜರಿಯಿಂದ ಬಿಡಿಸಿ ತಂದು, ಒಂದೊಂದಾಗಿ ಹ್ಯಾಟುಗಳನ್ನು ಮಾಡುವ ಸಣ್ಣ ಕಸಬುದಾರರೂ ಅಲ್ಲಲ್ಲಿ ತಲೆಯೆತ್ತಿದ್ದಾರೆ.

ವಿದ್ಯಾರ್ಥಿಗಳು ಈ ವೃತ್ತಾಂತದಿಂದ ಗ್ರಹಿಸಬೇಕಾದುದು ಇಷ್ಟು. ಫೆಲ್ಟ್ ಎಂಬ ವಸ್ತು ಬಿಸಿ, ನೀರು, ಕೈ, ಕಾಲ ಈ ನಾಲ್ಕರಿಂದ ಆಗುವಂಥದು. ಮೊದಲ ಮೂರನ್ನು ಹೆಚ್ಚಿಸಿ ನಾಲ್ಕನೆಯದನ್ನು ಉಳಿಸಿಕೊಳ್ಳಲು ಹೊರಟವರು ಅದರ ಬೆಲೆಯನ್ನು ತಾವು ತೆರಲಿಲ್ಲ. ಹಬೆಯ ಮನೆಯಲ್ಲಿ ನಿಂತವನು ತೆತ್ತನು. ಆದುದರಿಂದ ನಾವು ಯಾವುದೇ ನಯವಾದ, ಅಗ್ಗವಾದ ವಸ್ತುವನ್ನು ಕೈಗೆತ್ತಿಕೊಂಡಾಗ ಅದರ ಅಂದವನ್ನು ಮೆಚ್ಚುವುದರ ಜೊತೆಗೆ, ಅದನ್ನು ಮಾಡಿದ ಕೈ ನಡುಗುತ್ತಿಲ್ಲವಷ್ಟೆ ಎಂದು ಒಮ್ಮೆ ಕೇಳಿಕೊಳ್ಳುವುದು ವಿವೇಕ.